ಬರೋನು ಬಂದ್ಬಿಡಬಹುದಲ್ಲ

ಭಾನುವಾರ ಬೆಳಿಗ್ಗೆ ನನ್ನ ಫೋನಿನಲ್ಲಿ ಮೆಕ್ಸಿಕೋದ ಗಾಯಕ ವಿಸೆಂತೆ ಫೆರ್ನಾಂದೆಸ್ ಗಂಟಲು ಬಿರಿಯುವ ಹಾಗೆ ಹಾಡುತ್ತಿದ್ದ. ಪಕ್ಕದಲ್ಲಿ ಅಮ್ಮ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದರು. ‘ಬೋಲ್ಬೆರ್, ಬೋಲ್ಬೆರ್, ಬೋಲ್ಬೆರ್’ ಅನ್ನೋದು ಎರಡನೇ ಸಲ ಬಂದಾಗ ತಲೆ ಎತ್ತಿದರು.

“ಯಾರನ್ನೋ ಕರೀತಿರೋದು ಅವನು?”

“ಕರೀತಿಲ್ಲಮ್ಮ. ತಿರುಗಿ ಬರಬೇಕು ಅಂತಿದಾನೆ. ಹಿಂದೆ ಬೇರೆಯಾದ ಹುಡುಗಿ ಹತ್ರ.”

“ಬರೋನು ಇಷ್ಟೊತ್ತು ಯಾಕೆ ಕೂಗ್ಬೇಕು? ಬಂದ್ಬಿಡಬಹುದಲ್ಲ.”

ಎರಡು ವರ್ಷದಿಂದ ನನಗೆ ಸ್ಪ್ಯಾನಿಷ್ ಕಲಿಯುವ ಹುಚ್ಚು. ವ್ಯಾಕರಣದ ಪುಸ್ತಕ ಮೂರನೇ ಪಾಠದಲ್ಲೇ ನಿಂತಿದೆ, ಹಾಡುಗಳು ಮಾತ್ರ ಎಲ್ಲೆಲ್ಲಿಗೋ ಹೋಗಿವೆ. ಈ ಪ್ರಶ್ನೆ ಮಾತ್ರ ನನಗೆ ಹೊಳೆದೇ ಇರಲಿಲ್ಲ.

ಆ ಪದವೇ ಒಂದು ಮಜಾ. ಬರೆಯುವಾಗ ‘ವ’, ಬಾಯಲ್ಲಿ ‘ಬ’. ನಮ್ಮಲ್ಲಿ ವನ ಹೋಗಿ ಬನ ಆಯಿತಲ್ಲ, ಹಾಗೆ. ಅರ್ಥ ‘ತಿರುಗು’ ಅಂತ. ಅದರ ಮುಂದೆ ಇನ್ನೊಂದು ಕ್ರಿಯಾಪದ ಇಟ್ಟರೆ ‘ಮತ್ತೆ’ ಅಂತ ಆಗುತ್ತದೆ. ಬೋಲ್ಬೆರ್ ಆ ಕಂತಾರ್ ಅಂದರೆ ಮತ್ತೆ ಹಾಡುವುದು. ಇಂಗ್ಲಿಷಿನ ದಾರಿಯಲ್ಲಿ ಕಲಿಯುವವರು ಇಲ್ಲಿ ತಲೆ ಕೆರೆದುಕೊಳ್ಳುತ್ತಾರೆ. ನಮಗೇನು ಕಷ್ಟ? ‘ತಿರುಗಿ ಬಾ’ ಅಂದರೂ ‘ತಿರುಗಿ ಹೇಳು’ ಅಂದರೂ ಅದೇ ತಿರುಗಿ ಅಲ್ವಾ. ಈ ಪದ ಪ್ರೇಮಿಗಳದ್ದೊಂದೇ ಸ್ವತ್ತೂ ಅಲ್ಲ. 1833ರಲ್ಲಿ ಲಾರ್ರಾ ಎಂಬ ಸ್ಪೇನಿನ ಲೇಖಕ ಸರ್ಕಾರಿ ಕಚೇರಿಗಳ ಬಗ್ಗೆ ಒಂದು ಲೇವಡಿಯ ಪ್ರಬಂಧ ಬರೆದ. ಹೆಸರು ‘ನಾಳೆ ತಿರುಗಿ ಬನ್ನಿ’. ನಾವು ‘ನಾಳೆ ಬಾ’ ಅಂತ ದೆವ್ವಕ್ಕೆ ಬಾಗಿಲ ಮೇಲೆ ಬರೆದೆವು, ಅಲ್ಲಿ ಅರ್ಜಿದಾರರಿಗೆ ಹೇಳಿದರು.

ಇರಲಿ, ಹಾಡಿಗೆ ಬರೋಣ. ಫೆರ್ನಾಂದೆಸ್ ಹಾಡಿದ್ದು ರಾಂಚೆರಾ, ಅಂದರೆ ಮೆಕ್ಸಿಕೋದ ಹಳ್ಳಿಗಾಡಿನ ಧಾಟಿಯ ಹಾಡು. ಬರೆದವರು ಫೆರ್ನಾಂದೋ ಮಾಲ್ದೊನಾದೋ, 1972ರ ಹೊತ್ತಿಗೆ ಎಲ್ಲರ ಬಾಯಿಗೂ ಬಂತು. ದೊಡ್ಡ ಅಂಚಿನ ಟೋಪಿ, ಬೆಳ್ಳಿ ಗುಂಡಿಯ ಬಿಗಿ ಉಡುಪು, ದಪ್ಪ ಮೀಸೆ. ಅಂಥ ಗಂಡಸು ನಿಂತು ಹೇಳುವುದೇನು? ನೀನು ಹೇಳಿದ್ದೇ ಸರಿ. ನಾನು ಸೋತೆ. ನನಗೆ ಸೋಲೋಕೆ ಬರುತ್ತೆ. ಮೀಸೆಗೂ ಮಾತಿಗೂ ಇರುವ ಈ ದೂರವೇ ನನಗೆ ಹಾಡಿಗಿಂತ ಜಾಸ್ತಿ ಇಷ್ಟ. ಮದುವೆ ಮನೆಯಲ್ಲೋ ಗಡಂಗಿನಲ್ಲೋ ಮರಿಯಾಚಿ ಅನ್ನೋ ಅಲ್ಲಿನ ವಾದ್ಯಗಾರರ ಮೇಳ ಇದನ್ನು ಎತ್ತಿಕೊಂಡರೆ ಸಾಕು, ಪಲ್ಲವಿ ಬರುವಷ್ಟರಲ್ಲಿ ಜನರೇ ಹಾಡಿಕೊಳ್ಳುತ್ತಾರೆ. ಎಲ್ಲರಿಗೂ ಎಲ್ಲೋ ಒಂದು ಕಡೆ ತಿರುಗಿ ಹೋಗುವುದು ಬಾಕಿ ಇರುತ್ತದೆ ಅಂತ ಕಾಣುತ್ತದೆ. ಆದರೆ ಹಾಡು ಮುಗಿದರೂ ಅವನು ಅವಳ ಬಾಗಿಲು ತಟ್ಟಿರುವುದಿಲ್ಲ. ಅಮ್ಮನ ತಕರಾರು ನ್ಯಾಯವೇ.

ಇದಕ್ಕಿಂತ ಹಳೆಯದು ಅರ್ಜೆಂಟೀನಾದ ಟ್ಯಾಂಗೋ. ಅದರ ಹೆಸರೂ ‘ಬೋಲ್ಬೆರ್’, ಒಂದೇ ಸಲ. ಕಾರ್ಲೋಸ್ ಗಾರ್ದೆಲ್ ರಾಗ ಹಾಕಿದ್ದು, ಆಲ್ಫ್ರೆದೋ ಲೆ ಪೆರಾ ಬರೆದದ್ದು. 1935ರ ಒಂದು ಸಿನಿಮಾದಲ್ಲಿ ಹಡಗಿನ ಮೇಲೆ ನಿಂತು ಗಾರ್ದೆಲ್ ಇದನ್ನು ಹಾಡುತ್ತಾನೆ. ದೂರದಲ್ಲಿ ಊರ ದೀಪ ಮಿನುಗುವುದು ಅವನ ಕಣ್ಣಿಗೆ ಕಟ್ಟುತ್ತದೆ. ಕಿವಿಯ ಮೇಲಿನ ಕೂದಲು ನೆರೆತಿದೆ. ಇಪ್ಪತ್ತು ವರ್ಷ ಏನೂ ಅಲ್ಲ ಅನ್ನುತ್ತಾನೆ. ಅದೇ ಉಸಿರಿನಲ್ಲಿ, ಹಳೆಯದನ್ನು ಎದುರಿಸಲು ಭಯ ಅಂತಲೂ ಹೇಳಿಕೊಳ್ಳುತ್ತಾನೆ. ಇವನೂ ಹಡಗಿಳಿಯುವ ಮೊದಲೇ ಹಾಡು ಮುಗಿಯುತ್ತದೆ.

ಸಿನಿಮಾ ತೆಗೆದದ್ದು ನ್ಯೂಯಾರ್ಕಿನಲ್ಲಿ. ಅದಾದ ಮೇಲೆ ಗಾರ್ದೆಲ್ ಊರೂರು ಹಾಡಲು ಹೊರಟ. 1935ರ ಜೂನ್ 24ರಂದು ಕೊಲಂಬಿಯಾದ ಮೆದೆಯೀನ್ ನಿಲ್ದಾಣದಲ್ಲಿ ಎರಡು ವಿಮಾನಗಳು ಡಿಕ್ಕಿಯಾದವು. ಗಾರ್ದೆಲ್, ಲೆ ಪೆರಾ ಇಬ್ಬರೂ ಹೋದರು. ಗಾರ್ದೆಲ್ ಬ್ಯೂನಸ್ ಐರಿಸ್‌ಗೆ ತಿರುಗಿ ಬಂದದ್ದು ಮುಂದಿನ ಫೆಬ್ರವರಿಯಲ್ಲಿ, ಪೆಟ್ಟಿಗೆಯೊಳಗೆ. ಬಂದದ್ದೂ ಹಡಗಿನಲ್ಲೇ. ಈಗಲೂ ಚಕರೀತಾ ಸ್ಮಶಾನದಲ್ಲಿರುವ ಅವನ ಪ್ರತಿಮೆಯ ಬೆರಳ ಸಂದಿಗೆ ಜನ ಹೊತ್ತಿಸಿದ ಸಿಗರೇಟು ಸಿಕ್ಕಿಸಿ ಹೋಗುತ್ತಾರೆ. ದಿನ ಕಳೆದಂತೆ ಅವನು ಇನ್ನೂ ಚೆನ್ನಾಗಿ ಹಾಡುತ್ತಾನೆ ಅನ್ನೋದು ಅಲ್ಲಿನ ಮಾತು.

ಹಾಗಾದರೆ ನಿಜವಾಗಿ ಬಂದವರೇ ಇಲ್ಲವಾ? ಸಿನಿಮಾಗಳಲ್ಲಿದ್ದಾರೆ. 1982ರಲ್ಲಿ ಹೋಸೆ ಲೂಯಿಸ್ ಗಾರ್ಸಿ ತೆಗೆದ ಚಿತ್ರದಲ್ಲಿ ನೊಬೆಲ್ ಪಡೆದ ಮುದುಕ ಲೇಖಕ ಅಮೆರಿಕದಿಂದ ಸ್ಪೇನಿನ ಹಿಹೋನ್‌ಗೆ ಬಂದು ಹಳೆಯ ಹುಡುಗಿಯನ್ನು ನೋಡುತ್ತಾನೆ. ಬರೋಕೇನೋ ಬಂದ, ಆದರೆ ಸಾಯುವ ಕಾಯಿಲೆ ಹೊತ್ತು ಬಂದ. ಆಸ್ಕರ್ ಗೆದ್ದ ಮೊದಲ ಸ್ಪೇನಿನ ಚಿತ್ರ ಅದು. ನನಗೆ ಸ್ವಲ್ಪ ಸಕ್ಕರೆ ಜಾಸ್ತಿ ಅನಿಸಿತು.

2006ರಲ್ಲಿ ಸ್ಪೇನಿನ ನಿರ್ದೇಶಕ ಅಲ್ಮೊದೋವರ್ ಗಾರ್ದೆಲ್‌ನ ಟ್ಯಾಂಗೋ ಹೆಸರನ್ನೇ ತನ್ನ ಸಿನಿಮಾಕ್ಕೆ ಇಟ್ಟ. ಅಲ್ಲಿ ತಿರುಗಿ ಬರೋದು ಪ್ರೇಮಿಯಲ್ಲ, ತಾಯಿ. ಸತ್ತಳು ಅಂತ ಎಲ್ಲರೂ ನಂಬಿದ್ದ ತಾಯಿ. ಮಗಳ ಪಾತ್ರದ ನಟಿ ಪೆನೆಲೋಪೆ ಕ್ರೂಸ್ ಆ ಹಾಡು ಹಾಡುವಾಗ ತಾಯಿ ಕಾರಿನಲ್ಲಿ ಅಡಗಿ ಕೂತು ಕೇಳಿ ಅಳುತ್ತಾಳೆ. ದನಿ ಎಸ್ತ್ರೆಯಾ ಮೊರೆಂತೆಯದು. ಟ್ಯಾಂಗೋ ಅಲ್ಲಿ ದಕ್ಷಿಣ ಸ್ಪೇನಿನ ಧಾಟಿಯ ಫ್ಲಮೆಂಕೋ ಆಗಿದೆ. ಹಡಗಿನ ಮೇಲಿದ್ದ ಆ ಹಾಡು ಎಪ್ಪತ್ತು ವರ್ಷದ ಮೇಲೆ ಮನೆಯವರೆಗೂ ಬಂದ ಹಾಗಾಯಿತು.

ಕ್ರೂಸ್‌ಗೆ ಪೆನೆಲೋಪೆ ಅಂತ ಹೆಸರಿಟ್ಟದ್ದೂ ಒಂದು ಹಾಡಿನಿಂದ. ಜೋನ್ ಮಾನುಯೆಲ್ ಸೆರ್ರಾತ್ 1969ರಲ್ಲಿ ಹಾಡಿದ್ದು. ಅದನ್ನು ಆವತ್ತೇ ಅಮ್ಮನಿಗೆ ಹಾಕಿ, ಸಾಲು ಸಾಲಾಗಿ ಅರ್ಥ ಹೇಳಿದೆ. ಗ್ರೀಕರ ಪೆನೆಲೋಪೆ ಇಪ್ಪತ್ತು ವರ್ಷ ಗಂಡನಿಗೆ ಕಾದಳು, ಅವನು ಬಂದ, ಪರೀಕ್ಷೆ ಮಾಡಿ ಒಪ್ಪಿಕೊಂಡಳು. ಈ ಪೆನೆಲೋಪೆ ರೈಲು ನಿಲ್ದಾಣದಲ್ಲಿ ಕಾಯುತ್ತಾಳೆ. ಕಂದು ಚರ್ಮದ ಚೀಲ, ಹಿಮ್ಮಡಿ ಎತ್ತರದ ಚಪ್ಪಲಿ, ಭಾನುವಾರದ ಬಟ್ಟೆ, ಕೈಯಲ್ಲಿ ಬೀಸಣಿಗೆ. ಯಾವನೋ ದಾರಿಹೋಕ ವಸಂತದ ಒಂದು ಸಂಜೆ ಅವಳ ಗಡಿಯಾರ ನಿಲ್ಲಿಸಿ ಹೋಗಿದ್ದಾನೆ.

“ಬಂದ್ನಾ?” ಅಂದರು ಅಮ್ಮ. ಕಾಳು ಹಿತುಕುವುದು ನಿಂತಿತ್ತು.

“ಬಂದ. ಎದುರಿಗೆ ನಿಂತು ನಾನೇ ಕಣೆ ಅಂದ. ಅವಳು ಅವನನ್ನ ಮೇಲಿಂದ ಕೆಳಗೆ ನೋಡಿದ್ಲು. ನಾನು ಕಾಯ್ತಿರೋದು ನಿನಗಲ್ಲ ಅಂದ್ಲು. ಮತ್ತೆ ಕಾಯ್ತಾ ಕೂತ್ಲು.”

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವಳ ಬಗ್ಗೆ ಏನಾದರೂ ಹೇಳುತ್ತಾರೆ ಅಂದುಕೊಂಡೆ.

“ಆಮೇಲೆ ಅವನೇನು ಮಾಡ್ದ?”

“ಅದು ಹಾಡಲ್ಲಿ ಇಲ್ಲಮ್ಮ.”

“ವಾಪಸ್ ಹೋಗೋಕೆ ರೈಲಿತ್ತೋ ಇಲ್ವೋ, ಪಾಪ” ಅಂತ ಇನ್ನೊಂದು ಹಿಡಿ ಕಾಳು ತೆಗೆದುಕೊಂಡರು.