ಕನ್ನಡ ಬರೋಳು ಎದುರಿಗೇ ಇದ್ರೂ ಅಜ್ಜಿ ಕಾಯಬೇಕಂತೆ

ಹೊಟ್ಟೆ ಉರೀತಿದೆ, ಬರೀದೆ ಇರೋಕಾಗ್ತಿಲ್ಲ. ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಮೆಂಟಲ್ ಹೆಲ್ತ್ ಕ್ಲಿನಿಕ್‌ನಲ್ಲಿ ನಾನು ಅಸೋಸಿಯೇಟ್ ಥೆರಪಿಸ್ಟ್. ಮಾಸ್ಟರ್ಸ್ ಮುಗಿದಿದೆ, ಲೈಸೆನ್ಸ್‌ಗೆ ಬೇಕಾದ 3000 ಗಂಟೆಗಳನ್ನ ಸೂಪರ್‌ವೈಸರ್ ಕೈಕೆಳಗೆ ದುಡಿದು ತುಂಬಿಸ್ತಿದ್ದೀನಿ.

ಗಂಡ ತೀರಿಕೊಂಡ ಮೇಲೆ ಊಟ ನಿದ್ದೆ ಬಿಟ್ಟ ಅಜ್ಜಿಯೊಬ್ಬರನ್ನ ಮಗಳು ಕರ್ಕೊಂಡು ಬಂದ್ರು. ಇಡೀ ಕ್ಲಿನಿಕ್‌ನಲ್ಲಿ ಕನ್ನಡ ಬರೋದು ನನಗೊಬ್ಬಳಿಗೇ. ಆ ಹೊತ್ತಿಗೆ ನಾನು ಖಾಲಿನೂ ಇದ್ದೆ. ಆದ್ರೆ ಅವರದ್ದು ಮೆಡಿಕೇರ್, ಅಂದ್ರೆ ಮುಖ್ಯವಾಗಿ 65 ದಾಟಿದವರಿಗೆ ಅಮೆರಿಕ ಸರ್ಕಾರ ಕೊಡೋ ಆರೋಗ್ಯ ವಿಮೆ. ನನ್ನಂಥವರ ಹೆಸರಲ್ಲಿ ಮೆಡಿಕೇರ್‌ಗೆ ಬಿಲ್ ಹೋಗಲ್ಲ. 'ಇನ್ಸಿಡೆಂಟ್ ಟು' ಅಂತ, ಅಂದ್ರೆ ಅವರ ಚಿಕಿತ್ಸೆಯ ಭಾಗವಾಗಿ ನಾನು ಮಾಡಿದ ಕೆಲಸ ಅಂತ, ಡಾಕ್ಟರ್, ಸೈಕಾಲಜಿಸ್ಟ್ ಅಂಥವರ ಹೆಸರಲ್ಲಿ ಹೋಗಬೇಕು. ಅದಕ್ಕೆ ಮೊದಲು ಅವರೇ ನೋಡಿ ಚಿಕಿತ್ಸೆ ಶುರು ಮಾಡಿರಬೇಕು. ನಮ್ಮಲ್ಲಿರೋ ಒಬ್ಬರೇ ಸೈಕಾಲಜಿಸ್ಟ್‌ದು ಅಪಾಯಿಂಟ್‌ಮೆಂಟ್ ಸಿಗೋಕೆ ವಾರಗಟ್ಟಲೆ ಕಾಯಬೇಕು. ಅದೂ ಫೋನಲ್ಲಿ ದುಭಾಷಿ ಇಟ್ಕೊಂಡು! ನಾನೇ ಅನುವಾದ ಮಾಡ್ತೀನಿ ಅಂದ್ರೆ ಅದಕ್ಕೂ ಕ್ಲಿನಿಕ್ ಒಪ್ಪಲ್ಲ. "ನಿನ್ನ ಹತ್ರ ಆದ್ರೆ ಹೇಳ್ಕೋತೀನಮ್ಮ, ಫೋನಲ್ಲಿ ಇನ್ಯಾರಿಗೋ ಯಾಕೆ ನಮ್ಮನೆ ವಿಷಯ?" ಅಂದು ಅಜ್ಜಿ ಎದ್ದು ಹೊರಟೇಬಿಟ್ರು.

ಹೀಗೆ ಬಿಲ್ಲಿಗೆ ಹೆಸರು ಕೊಡೋರು ತಕ್ಷಣ ಕೈಗೆ ಸಿಗೋ ಹಾಗಿರಲೇಬೇಕು ಅನ್ನೋ ನಿಯಮವನ್ನ 2023ರಲ್ಲಿ ಮೆಡಿಕೇರ್‌ನವರು ಮಾನಸಿಕ ಚಿಕಿತ್ಸೆಗೆ ಸಡಿಲ ಮಾಡಿದ್ರು. 2024ರಿಂದ ಲೈಸೆನ್ಸ್ ಇರೋ ಫ್ಯಾಮಿಲಿ ಥೆರಪಿಸ್ಟ್‌ಗಳೂ ಮೆಡಿಕೇರ್‌ಗೆ ತಾವೇ ಬಿಲ್ ಮಾಡಬಹುದು. ಸಂತೋಷ. ಆದ್ರೆ ನನ್ನ ಒಂದೊಂದು ಕೇಸನ್ನೂ ಬಿಡಿಸಿ ಕೇಳೋ, ನನ್ನ ಗಂಟೆಗಳಿಗೆ ಸೈನ್ ಹಾಕೋ ಮೇಡಂ ಫ್ಯಾಮಿಲಿ ಥೆರಪಿಸ್ಟೇ ತಾನೆ? ಅವರು ತಮ್ಮ ಕೆಲಸಕ್ಕೆ ಬಿಲ್ ಹಾಕಬಹುದು, ಅವರ ಕಣ್ಗಾವಲಲ್ಲಿ ನಾನು ಮಾಡಿದ ಕೆಲಸಕ್ಕೆ ಹಾಕೋ ಹಾಗಿಲ್ಲ. ನನ್ನ ಕೆಲಸ ನೋಡೋರು ಒಬ್ಬರು, ಬಿಲ್ಲಿಗೆ ಹೆಸರು ಇನ್ನೊಬ್ಬರದ್ದು!

ಇನ್ನು ಸೂಪರ್‌ವಿಷನ್ ವಾರವಾರ ಕಡ್ಡಾಯ. ಆ ಗಂಟೆಗೆ ಮೆಡಿಕೇರ್ ಒಂದು ಪೈಸೆ ಕೊಡಲ್ಲ. ಪಾಪ ಮೇಡಂ ಊಟದ ಡಬ್ಬಿ ಎದುರಿಗಿಟ್ಕೊಂಡೇ ನನ್ನ ಕೇಸ್ ಕೇಳ್ತಾರೆ.

ಬಿಲ್ಲಿಂಗ್‌ನವರ ಜೊತೆ ಜಗಳ ಆಡಿ ಪ್ರಯೋಜನ ಇಲ್ಲ, ತಿದ್ದಬೇಕಾಗಿರೋದು ಫೆಡರಲ್ ಕಾನೂನು. ಇಲ್ಲಿ ವೋಟ್ ಇರೋ ಕನ್ನಡಿಗರೇ, ದಯವಿಟ್ಟು ನಿಮ್ಮ ಕಾಂಗ್ರೆಸ್ ಸದಸ್ಯರ ಆಫೀಸಿಗೆ ಫೋನ್ ಮಾಡಿ. ಅಸೋಸಿಯೇಟ್‌ಗಳನ್ನ ಸೂಪರ್‌ವೈಸ್ ಮಾಡೋರ ಹೆಸರಲ್ಲೇ ಬಿಲ್ ಹೋಗೋಕೆ ಬಿಡಿ ಅಂತ ಕೇಳಿ. ನಿಮ್ಮ ಅಪ್ಪ ಅಮ್ಮನಿಗೂ ಮೆಡಿಕೇರ್ ಇರಬಹುದಲ್ವಾ?