ಒಂದೇ ಹೆದ್ದಾರಿ, ಚೆಂಡಿಗೆ ಎರಡು ದಾರಿ

ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಿಂದ ಹ್ಯೂಸ್ಟನ್‌ಗೆ ಐ-10 ಹೆದ್ದಾರಿಯಲ್ಲಿ ಸುಮಾರು 320 ಕಿಲೋಮೀಟರ್. ಬೆಂಗಳೂರಿನಿಂದ ಮಂಗಳೂರಿಗಿರುವ ದೂರಕ್ಕಿಂತ ತುಸು ಕಡಿಮೆ, ನಡುವೆ ಶಿರಾಡಿ ಘಾಟಿಯಂಥದ್ದೇನೂ ಇಲ್ಲ. 2012ರಿಂದ ನನ್ನ ಸಂಸಾರ ಸ್ಯಾನ್ ಆಂಟೋನಿಯೊದಲ್ಲಿದೆ. 2016ರಿಂದ ಮೂರು ವರ್ಷ ಕೆಲಸದ ನಿಮಿತ್ತ ಸೋಮವಾರ ನಸುಕಿನಲ್ಲಿ ಹ್ಯೂಸ್ಟನ್‌ಗೆ ಹೊರಟು ಗುರುವಾರ ರಾತ್ರಿ ಮರಳುತ್ತಿದ್ದೆ. ಹೀಗಾಗಿ ಬ್ಯಾಸ್ಕೆಟ್‌ಬಾಲಿನ ಎರಡು ಪಂಥಗಳನ್ನು ಒಂದೇ ರಸ್ತೆಯ ಎರಡು ಊರುಗಳಲ್ಲಿ, ಆಯಾ ಊರಿನ ಅಭಿಮಾನಿಗಳ ನಡುವೆಯೇ ಕುಳಿತು ನೋಡುವ ಅವಕಾಶ ನನಗೆ ಒದಗಿತು. ಒಂದು ಊರಿನಲ್ಲಿ ಚೆಂಡು ಯಾರ ಕೈಯಲ್ಲೂ ನಿಲ್ಲಬಾರದು ಎಂಬ ನಂಬಿಕೆ. ಇನ್ನೊಂದರಲ್ಲಿ ಚೆಂಡು ಎಲ್ಲಕ್ಕಿಂತ ಸಮರ್ಥವಾದ ಕೈಯಲ್ಲೇ ಇರಬೇಕು ಎಂಬ ಲೆಕ್ಕಾಚಾರ.

2014ರ ಜೂನ್ 15ರಂದು ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡ ಮಯಾಮಿ ಹೀಟ್ ತಂಡವನ್ನು 104–87ರಿಂದ ಸೋಲಿಸಿ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗಾದ ಎನ್‌ಬಿಎ ಪ್ರಶಸ್ತಿ ಗೆದ್ದ ರಾತ್ರಿ ನಮ್ಮ ಬೀದಿಯಲ್ಲಿ ಕಾರುಗಳ ಹಾರ್ನ್ ಸದ್ದು ನಿಲ್ಲುವ ಹೊತ್ತಿಗೆ ನಡುರಾತ್ರಿ ಎಂದೋ ಕಳೆದಿತ್ತು. ಎದುರಾಳಿಗಳು ಸಾಮಾನ್ಯರಲ್ಲ: ಲೆಬ್ರಾನ್ ಜೇಮ್ಸ್, ಡ್ವೇನ್ ವೇಡ್, ಕ್ರಿಸ್ ಬಾಷ್, ಎರಡು ವರ್ಷ ಸತತವಾಗಿ ಚಾಂಪಿಯನ್ನರಾಗಿದ್ದವರು. ಹಿಂದಿನ ವರ್ಷ, 2013ರಲ್ಲಿ, ಇದೇ ಮಯಾಮಿಯ ರೇ ಆಲನ್, ಫೈನಲ್ಸ್‌ನ (ಏಳು ಪಂದ್ಯಗಳಲ್ಲಿ ಮೊದಲು ನಾಲ್ಕು ಗೆದ್ದವರಿಗೆ ಪ್ರಶಸ್ತಿ) ಆರನೇ ಪಂದ್ಯದ ಕೊನೆಯ ಕ್ಷಣಗಳಲ್ಲಿ ಮೂಲೆಯಿಂದ ಎಸೆದು ಗಳಿಸಿದ ಮೂರಂಕದ ಬುಟ್ಟಿಯೊಂದು ಸ್ಪರ್ಸ್ ಬಾಯಿಗೆ ಬಂದ ತುತ್ತನ್ನು ಕಸಿದುಕೊಂಡಿತ್ತು. ಆದರೆ 2014ರಲ್ಲಿ ಸ್ಪರ್ಸ್ ಗೆದ್ದ ನಾಲ್ಕೂ ಪಂದ್ಯಗಳಲ್ಲಿ ಅಂತರ 15 ಅಂಕ ಅಥವಾ ಅದಕ್ಕಿಂತ ಹೆಚ್ಚು. ಮೂರನೇ ಪಂದ್ಯದ ಮೊದಲರ್ಧದಲ್ಲಿ 33 ಎಸೆತಗಳ ಪೈಕಿ 25 ಬುಟ್ಟಿಗೆ ಬಿದ್ದು ಫೈನಲ್ಸ್ ದಾಖಲೆಯಾಯಿತು. ಇಷ್ಟೆಲ್ಲ ಮಾಡಿದ ತಂಡದಲ್ಲಿ ಆ ಋತುವಿನುದ್ದಕ್ಕೂ ಒಬ್ಬನೇ ಒಬ್ಬ ಆಟಗಾರ ಪಂದ್ಯಕ್ಕೆ ಸರಾಸರಿ 30 ನಿಮಿಷ ಆಡಿರಲಿಲ್ಲ. ಪಂದ್ಯವಿರುವುದು 48 ನಿಮಿಷ. ಲೀಗಿನ ತಾರೆಯರು 36ರಿಂದ 38 ನಿಮಿಷ ಆಡುವುದು ಆಗಿನ ರೂಢಿ.

ಆ ತಂಡದ ಒಂದು ದಾಳಿ ಸಾಮಾನ್ಯವಾಗಿ ಹೀಗೆ ಸಾಗುತ್ತಿತ್ತು. ಟೋನಿ ಪಾರ್ಕರ್ ಸ್ಕ್ರೀನ್ (ರಕ್ಷಕನ ದಾರಿಗೆ ಅಡ್ಡ ನಿಂತ ಸಹ ಆಟಗಾರನ ಮರೆ) ಬಳಸಿಕೊಂಡು ಬುಟ್ಟಿಯತ್ತ ನುಗ್ಗುತ್ತಾರೆ. ಎದುರಾಳಿಯ ಇಬ್ಬರು ಅವರತ್ತ ವಾಲುತ್ತಾರೆ. ಚೆಂಡು ಅಷ್ಟರಲ್ಲಿ ಹೊರಗಿರುವ ಬೋರಿಸ್ ದಿಯಾವ್ ಅವರ ಕೈಗೆ ಬಂದಿರುತ್ತದೆ. ದಿಯಾವ್ ದಪ್ಪ ಮೈಯ, ನಿಧಾನವಾಗಿ ಕಾಣುವ ಫ್ರೆಂಚ್ ಆಟಗಾರ. ಆದರೆ ಅವರ ಕೈಯಲ್ಲಿ ಚೆಂಡು ಅರ್ಧ ಸೆಕೆಂಡ್ ಸಹ ನಿಲ್ಲುವುದಿಲ್ಲ. ಅವರಿಗೆ ಎಸೆಯಲು ಜಾಗವಿದೆ, ಎಸೆದರೆ ಬೀಳಲೂಬಹುದು. ಆದರೂ ಮೂಲೆಯಲ್ಲಿ ಡ್ಯಾನಿ ಗ್ರೀನ್ ಇನ್ನಷ್ಟು ಬಿಡುವಾಗಿ ನಿಂತಿರುವುದರಿಂದ ಚೆಂಡು ಅಲ್ಲಿಗೆ ಹೋಗುತ್ತದೆ. ಒಳ್ಳೆಯ ಎಸೆತವನ್ನು ಬಿಟ್ಟು ಅದಕ್ಕಿಂತ ಒಳ್ಳೆಯದನ್ನು ಹುಡುಕುವುದು ಎಂದರೆ ಇದೇ. ರಕ್ಷಕನೊಬ್ಬ ದಿಯಾವ್ ಅವರತ್ತ ಓಡಿ, ಅಲ್ಲಿಂದ ಗ್ರೀನ್ ಅವರತ್ತ ತಿರುಗುವ ಹೊತ್ತಿಗೆ ಅವನ ಒಂದು ಕಾಲು ಒಂದು ದಿಕ್ಕಿಗೆ, ಇನ್ನೊಂದು ಕಾಲು ಇನ್ನೊಂದು ದಿಕ್ಕಿಗೆ. ಗ್ರೀನ್ ಎಸೆಯುವಾಗ ಅವರ ಎದುರು ಯಾರೂ ಇಲ್ಲ. ಮಾರನೆಯ ದಿನದ ಅಂಕಪಟ್ಟಿಯಲ್ಲಿ ಗ್ರೀನ್ ಹೆಸರಿಗೆ ಮೂರು ಅಂಕ, ದಿಯಾವ್ ಹೆಸರಿಗೆ ಒಂದು ಅಸಿಸ್ಟ್ (ಬುಟ್ಟಿಗೆ ದಾರಿಯಾದ ಕೊನೆಯ ಪಾಸ್) ಸೇರಿರುತ್ತದೆ. ಇಡೀ ಬಾಗಿಲನ್ನು ತೆರೆದ ಪಾರ್ಕರ್ ಹೆಸರಿಗೆ ಏನೂ ಇರುವುದಿಲ್ಲ.

ಇಂಥ ಆಟವನ್ನು ಇಲ್ಲಿನ ಪತ್ರಿಕೆಗಳು ‘ನಿಸ್ವಾರ್ಥ ಆಟ’ ಎಂದು ಕೊಂಡಾಡುತ್ತವೆ. ಆ ಮಾತಿನ ಬಗ್ಗೆ ನನಗೆ ಮೊದಲಿನಿಂದಲೂ ತಕರಾರಿದೆ, ಏಕೆಂದರೆ ನಿಸ್ವಾರ್ಥವನ್ನು ಆಜ್ಞೆಯ ಮೂಲಕ ಕಲಿಸುವ ಪ್ರಯೋಗವೊಂದಕ್ಕೆ ನಾನೇ ಹುಡುಗನಾಗಿದ್ದಾಗ ಒಳಗಾಗಿದ್ದೆ. ಮೈಸೂರಿನಲ್ಲಿ ನಾನು ಓದಿದ ಪ್ರೌಢಶಾಲೆಯಲ್ಲಿ ಮಣ್ಣಿನ ಅಂಕಣವಿತ್ತು. ಸುಣ್ಣದಲ್ಲಿ ಎಳೆದ ಗೆರೆಗಳು ಅರ್ಧ ಆಟ ಮುಗಿಯುವುದರೊಳಗೆ ಅಳಿಸಿಹೋಗುತ್ತಿದ್ದವು. ನಮ್ಮಲ್ಲಿ ಒಬ್ಬ ಎಲ್ಲರಿಗಿಂತ ಒಂದು ಗೇಣು ಎತ್ತರವಿದ್ದ. ಚೆಂಡು ಯಾವಾಗಲೂ ಅವನಿಗೇ ಹೋಗುವುದನ್ನು ಕಂಡು ರೋಸಿದ ಪಿ.ಟಿ. ಮೇಷ್ಟ್ರು, ಮೂರು ಪಾಸ್ ಆಗುವ ತನಕ ಯಾರೂ ಬುಟ್ಟಿಗೆ ಎಸೆಯಕೂಡದು ಎಂದು ಕಟ್ಟಪ್ಪಣೆ ಮಾಡಿದರು. ನಾವು ಪಾಲಿಸಿದೆವು. ನಾನು ಪಕ್ಕದವನಿಗೆ ಕೊಟ್ಟೆ, ಅವನು ನನಗೇ ಹಿಂದಿರುಗಿಸಿದ, ನಾನು ಮತ್ತೆ ಅವನಿಗೆ ಕೊಟ್ಟೆ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಕೂಗಿದ: ‘ಮೂರಾಯ್ತು ಕಣೋ, ಇನ್ನು ಅವನಿಗೆ ಕೊಡೋ!’ ಮೇಷ್ಟ್ರು ಸೀಟಿಯನ್ನು ಜೇಬಿಗೆ ಇಳಿಸಿ ಮರದ ನೆರಳಿಗೆ ಹೋಗಿ ಕುಳಿತರು.

ಆ ಮೂರು ಪಾಸುಗಳಲ್ಲಿ ಯಾವುದೂ ಒಬ್ಬ ರಕ್ಷಕನನ್ನೂ ಒಂದು ಹೆಜ್ಜೆ ಕದಲಿಸಲಿಲ್ಲ. ಪಾಸ್‌ಗೆ ಬೆಲೆ ಬರುವುದು ಕೊಟ್ಟವನ ಔದಾರ್ಯದಿಂದಲ್ಲ, ಎದುರಾಳಿಯ ಕಾಲು ತಲುಪುವ ಮೊದಲೇ ಚೆಂಡು ಇನ್ನೊಂದೆಡೆಗೆ ದಾಟಿದೆಯೇ ಎಂಬುದರಿಂದ. ಸ್ಪರ್ಸ್ ಕೋಚ್ ಗ್ರೆಗ್ ಪೋಪೊವಿಚ್ ತಮ್ಮವರಿಗೆ ಕಲಿಸಿದ್ದು ಒಂದು ತೀರ್ಮಾನದ ವೇಗವನ್ನು: ಚೆಂಡು ಕೈಗೆ ಬಂದ ಅರ್ಧ ಸೆಕೆಂಡಿನೊಳಗೆ ಎಸೆಯಬೇಕು, ಇಲ್ಲವೇ ಕೊಡಬೇಕು, ಇಲ್ಲವೇ ನುಗ್ಗಬೇಕು, ಹಿಡಿದುಕೊಂಡು ಯೋಚಿಸುತ್ತ ನಿಲ್ಲಕೂಡದು. ಮುಂದೆ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಕೋಚ್ ಆದ ಸ್ಟೀವ್ ಕರ್ ಇದೇ ಪೋಪೊವಿಚ್ ಗರಡಿಯಲ್ಲಿ ಆಡಿದವರು. 2013–14ರಲ್ಲಿ ಪಾಸುಗಳ ಸಂಖ್ಯೆಯಲ್ಲಿ ಲೀಗಿನಲ್ಲೇ ಕೊನೆಯಲ್ಲಿದ್ದ ತಂಡವನ್ನು ಅವರು ವಹಿಸಿಕೊಂಡು ಮರುವರ್ಷವೇ ಪ್ರಶಸ್ತಿ ಗೆದ್ದರು. ಅದೇ ಸ್ಟೆಫ್ ಕರಿ, ಅದೇ ಕ್ಲೇ ಥಾಂಪ್ಸನ್. ಬದಲಾದದ್ದು ಮುಖ್ಯವಾಗಿ ಚೆಂಡಿನ ಓಡಾಟ.

ಹ್ಯೂಸ್ಟನ್ನಿನ ಮಾತೇ ಬೇರೆ. ಅಲ್ಲಿನ ರಾಕೆಟ್ಸ್ ತಂಡದಲ್ಲಿ ಜೇಮ್ಸ್ ಹಾರ್ಡನ್ ಚೆಂಡನ್ನು ತಟ್ಟುತ್ತ, ಎದುರಿಗಿರುವವನ ಕಣ್ಣನ್ನೇ ನೋಡುತ್ತ ನಿಂತರೆ ಉಳಿದ ನಾಲ್ವರು ಮೂಲೆಗಳಿಗೆ ಸರಿದು ಜಾಗ ಬಿಟ್ಟುಕೊಡುತ್ತಿದ್ದರು. ಇದಕ್ಕೆ ಐಸೊಲೇಷನ್ ಎಂದು ಹೆಸರು. ಒಬ್ಬನಿಗೆ ಒಬ್ಬನನ್ನೇ ಎದುರು ನಿಲ್ಲಿಸುವ ಕುಸ್ತಿ ಎನ್ನಬಹುದು. ನೋಡಲು ಬೇಸರ ಎನ್ನುವವರುಂಟು. ಆದರೆ ಅದು ಸೋಮಾರಿತನವಲ್ಲ, ಶುದ್ಧ ಗಣಿತ. ಪ್ರತಿಯೊಂದು ಪಾಸೂ ಕಳ್ಳತನಕ್ಕೆ ತೆರೆದ ಒಂದು ಕಿಂಡಿ. ಪಾಸ್ ಕಡಿಮೆಯಾದಂತೆ ಚೆಂಡು ಕಳೆದುಕೊಳ್ಳುವ ಭಯವೂ ಕಡಿಮೆ. ಲೀಗಿನಲ್ಲೇ ಚೆನ್ನಾಗಿ ಅಂಕ ಗಳಿಸಬಲ್ಲವನು ನಿಮ್ಮ ಬಳಿ ಇರುವಾಗ ಚೆಂಡನ್ನು ಅವನಿಗಿಂತ ಕಡಿಮೆ ಕುಶಲನಿಗೆ ದಾಟಿಸುವುದು ಯಾವ ಬುದ್ಧಿವಂತಿಕೆ ಎಂದು ನನ್ನ ಹ್ಯೂಸ್ಟನ್ ಸಹೋದ್ಯೋಗಿಗಳು ಕೇಳುತ್ತಿದ್ದರು. 2018–19ರಲ್ಲಿ ಹಾರ್ಡನ್ ಪಂದ್ಯಕ್ಕೆ ಸರಾಸರಿ 36.1 ಅಂಕ ಗಳಿಸಿದರು. ಸತತ 32 ಪಂದ್ಯಗಳಲ್ಲಿ 30 ಅಥವಾ ಹೆಚ್ಚು ಅಂಕ. ಆ ಮಾರ್ಚಿನಲ್ಲಿ ನಮ್ಮ ಸ್ಪರ್ಸ್ ಮೇಲೆಯೇ 61 ಅಂಕ ಬಾರಿಸಿದ ಮರುದಿನ ಆ ಸಹೋದ್ಯೋಗಿಗಳ ಕೈಲಿ ನಾನು ತಿಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ತಮಾಷೆಯೆಂದರೆ, ಹಾರ್ಡನ್ ಅವರಿಗೆ ಚೆಂಡಿನ ಪೂರ್ಣಾಧಿಕಾರ ಕೊಟ್ಟ ಕೋಚ್ ಮೈಕ್ ಡಿ’ಆಂಟೋನಿ, ಅದಕ್ಕೂ ಹಿಂದೆ ಫೀನಿಕ್ಸ್‌ನಲ್ಲಿ ಸ್ಟೀವ್ ನ್ಯಾಶ್ ಅವರಿಂದ ಲೀಗಿನ ಅತ್ಯಂತ ಚುರುಕಿನ ಪಾಸ್ ಆಟವನ್ನು ಆಡಿಸಿದ್ದವರು. ದಿಯಾವ್ ಸಹ ಆ ತಂಡದಲ್ಲಿದ್ದರು. ಕೋಚ್‌ಗೆ ಸಿದ್ಧಾಂತಕ್ಕಿಂತ ಕೈಯಲ್ಲಿರುವ ಆಟಗಾರ ಮುಖ್ಯ.

ಆದರೂ ಹ್ಯೂಸ್ಟನ್ ಲೆಕ್ಕದಲ್ಲಿ ಒಂದು ಖರ್ಚು ನಮೂದಾಗುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ಅದು ನನಗೆ ಅರ್ಥವಾದದ್ದು ಟಿವಿ ನೋಡಿ ಅಲ್ಲ. ಶನಿವಾರ ಬೆಳಿಗ್ಗೆ ನಮ್ಮ ಮನೆಯ ಹತ್ತಿರದ ಪಾರ್ಕಿನಲ್ಲಿ ಯಾರು ಬಂದರೂ ಸೇರಿಸಿಕೊಳ್ಳುವ ಆಟ ನಡೆಯುತ್ತದೆ. ಒಮ್ಮೆ ನಮ್ಮ ತಂಡಕ್ಕೆ ಕಾಲೇಜಿನ ಹುಡುಗನೊಬ್ಬ ಸಿಕ್ಕಿದ. ನಿಜಕ್ಕೂ ಒಳ್ಳೆಯ ಆಟಗಾರ. ಮೊದಲ ಐದಾರು ಬಾರಿ ನಾನು ಮೂಲೆಗೆ ಓಡಿ, ಮಂಡಿ ಬಗ್ಗಿಸಿ, ಎರಡೂ ಕೈ ಎದೆಯ ಮುಂದೆ ಚಾಚಿ ಕಾದೆ. ಚೆಂಡು ಬರಲಿಲ್ಲ. ಅವನು ತಾನೇ ಎಸೆದ. ಅರ್ಧಕ್ಕರ್ಧ ಬಿದ್ದವು ಕೂಡ. ಏಳನೆಯ ಬಾರಿಗೆ ನಾನು ಓಡಲಿಲ್ಲ, ನಡೆದುಹೋದೆ. ಹತ್ತನೆಯ ಬಾರಿಗೆ ನನ್ನ ಹಿಮ್ಮಡಿ ನೆಲಕ್ಕೆ ಊರಿತ್ತು, ಕೈ ಸೊಂಟದ ಮೇಲಿತ್ತು. ಆಗ ಒಮ್ಮೆ ಇಬ್ಬರು ಅವನನ್ನು ಮುತ್ತಿದಾಗ ಚೆಂಡು ಧುತ್ತೆಂದು ನನ್ನ ಕೈಗೆ ಬಂತು. ನನ್ನ ಎಸೆತ ಬೋರ್ಡನ್ನೂ ಮುಟ್ಟಲಿಲ್ಲ. ಹುಡುಗ ನನ್ನತ್ತ ನೋಡಿದ ನೋಟದಲ್ಲಿ ‘ಇದಕ್ಕೇ ನಾನು ಕೊಡುವುದಿಲ್ಲ’ ಎಂಬ ಉತ್ತರವಿತ್ತು. ಅವನ ದೃಷ್ಟಿಯಲ್ಲಿ ಅದು ಸರಿಯೇ. ಆದರೆ ನನ್ನನ್ನು ಹಾಗೆ ಮಾಡಿದ್ದು ಅದಕ್ಕೂ ಮುಂಚಿನ ಒಂಬತ್ತು ಬಾರಿ.

ವೃತ್ತಿಪರರು ನನ್ನಂತಲ್ಲ, ನಿಜ. ಕೋಟಿಗಟ್ಟಲೆ ಡಾಲರ್ ಪಡೆಯುವವರು ಮನಸ್ಸು ಮುದುಡಿಸಿಕೊಂಡು ನಿಲ್ಲುವುದಿಲ್ಲ. ಆದರೂ 2017ರ ಪ್ಲೇಆಫ್‌ನಲ್ಲಿ (ಋತುವಿನ ಕೊನೆಯ ನಾಕೌಟ್ ಸುತ್ತುಗಳಲ್ಲಿ) ಈ ಎರಡು ಊರುಗಳು ಎದುರಾದಾಗ ನಡೆದದ್ದನ್ನು ಮರೆಯಲಾರೆ. ಆರನೇ ಪಂದ್ಯ ಹ್ಯೂಸ್ಟನ್ನಿನಲ್ಲಿ. ಸ್ಪರ್ಸ್‌ಗೆ ಆ ವೇಳೆಗೆ ಪ್ರಧಾನ ಆಟಗಾರರಾಗಿದ್ದ ಕವಾಯ್ ಲೆನಾರ್ಡ್ ಗಾಯಗೊಂಡು ಹೊರಗೆ, ಪಾರ್ಕರ್ ಸಹ ಹೊರಗೆ. ಆಫೀಸಿನಲ್ಲಿ ಎಲ್ಲರೂ ಏಳನೇ ಪಂದ್ಯದ ಮಾತಾಡುತ್ತಿದ್ದರು. ಸ್ಪರ್ಸ್ ಗೆದ್ದದ್ದು 114–75ರಿಂದ. ಹಾರ್ಡನ್ ಎಸೆದ 11ರಲ್ಲಿ ಬಿದ್ದದ್ದು ಎರಡು, ಅವರ ಒಟ್ಟು ಅಂಕ 10. ಒಬ್ಬ ತಾರೆಯಿಲ್ಲದೆ ಒಂದು ತಂಡ ತನ್ನ ಎಂದಿನ ಆಟವನ್ನೇ ಆಡಿತು. ತಾರೆ ಮಂಕಾದ ರಾತ್ರಿ ಇನ್ನೊಂದು ತಂಡಕ್ಕೆ ಆಡಲು ಬೇರೆ ಆಟವೇ ಇರಲಿಲ್ಲ. ಮರುವರ್ಷ ಹ್ಯೂಸ್ಟನ್ 65 ಪಂದ್ಯ ಗೆದ್ದು ವಾರಿಯರ್ಸ್ ವಿರುದ್ಧ ಏಳನೇ ಪಂದ್ಯದವರೆಗೆ ಬಂತು. ಅಂದು ಹ್ಯೂಸ್ಟನ್‌ನ ಮೂರಂಕದ ಎಸೆತಗಳು ಒಂದರ ಹಿಂದೊಂದು 27 ತಪ್ಪಿ ಪಂದ್ಯ ಕೈಜಾರಿತು. ಹಾರ್ಡನ್ ಜೊತೆಗಾರ ಕ್ರಿಸ್ ಪಾಲ್ ಅವರ ತೊಡೆಯ ಸ್ನಾಯು ನೋಯದೇ ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು ಎಂದು ಹ್ಯೂಸ್ಟನ್ನಿಗರು ಇಂದಿಗೂ ಹೇಳುತ್ತಾರೆ, ಆಗುತ್ತಿತ್ತೇನೋ. ಎರಡನೆಯ ಚಾಲಕನೊಬ್ಬ ಬೇಕಿತ್ತು ಎಂಬುದನ್ನೇ ಅವರೂ ಹೇಳುತ್ತಿದ್ದಾರಲ್ಲ ಎಂದು ನಾನು ಒಳಗೊಳಗೇ ಅಂದುಕೊಳ್ಳುತ್ತೇನೆ.

ಹಾಗೆಂದು ಪಾಸ್ ಮಾಡುವ ತಂಡವೇ ಸದಾ ಗೆಲ್ಲುತ್ತದೆ ಎನ್ನಲು ನಾನು ಸಿದ್ಧನಿಲ್ಲ. 2025ರ ಫೈನಲ್ಸ್‌ನಲ್ಲಿ ಇಂಡಿಯಾನಾ ಪೇಸರ್ಸ್, ಟೈರೀಸ್ ಹ್ಯಾಲಿಬರ್ಟನ್ ಅವರ ನೇತೃತ್ವದಲ್ಲಿ, ಕಣ್ಣಿಗೆ ಹಬ್ಬವೆನಿಸುವ ಪಾಸ್ ಆಟವಾಡಿತು. ಏಳನೇ ಪಂದ್ಯದ ಮೊದಲ ಕ್ವಾರ್ಟರಿನಲ್ಲೇ ಹ್ಯಾಲಿಬರ್ಟನ್ ಹಿಮ್ಮಡಿಯ ಸ್ನಾಯುರಜ್ಜು ಹರಿದು ಕುಸಿದರು, ಪ್ರಶಸ್ತಿ ಒಕ್ಲಹೋಮಾ ಸಿಟಿಯ ಪಾಲಾಯಿತು. ಅಲ್ಲಿನ ಶೇ ಗಿಲ್ಜಿಯಸ್-ಅಲೆಕ್ಸಾಂಡರ್ ಆ ಋತುವಿನಲ್ಲಿ ಸರಾಸರಿ 32.7 ಅಂಕ ಗಳಿಸಿದ ಅಪ್ಪಟ ತಾರೆ. ಪಾಸುಗಳನ್ನು ಆರಂಭಿಸುವವನು ಬಿದ್ದರೆ ಚಲನೆಯೂ ಬೀಳುತ್ತದೆ ಎಂಬುದನ್ನು ನನ್ನ ಪಕ್ಷದವರು ಒಪ್ಪಲೇಬೇಕು.

ಇನ್ನೊಂದು ಮಾತು. ಹಂಚಿ ಆಡುವ ತಂಡವನ್ನು ಕಟ್ಟಲು ಯಾರಾದರೂ ಮೊದಲು ತಮ್ಮ ಗಂಟಿನಿಂದ ತೆರಬೇಕಾಗುತ್ತದೆ. ಸ್ಪರ್ಸ್‌ನಲ್ಲಿ ತೆತ್ತವರು ಟಿಮ್ ಡಂಕನ್. 2011–12ರಲ್ಲಿ 2.1 ಕೋಟಿ ಡಾಲರ್ ದಾಟಿದ್ದ ಅವರ ಸಂಬಳ ಮರುವರ್ಷದ ಹೊಸ ಒಪ್ಪಂದದಲ್ಲಿ ಒಂದು ಕೋಟಿಗಿಂತ ಕೆಳಗಿಳಿಯಿತು. ಸಂಬಳದ ಮಿತಿಯಿರುವ ಲೀಗಿನಲ್ಲಿ ಹೀಗೆ ಉಳಿದ ಹಣವೇ ಬೆಂಚಿನ ಮೇಲಿನ ಒಳ್ಳೆಯ ಆಟಗಾರರಾಗಿ ಮಾರ್ಪಡುತ್ತದೆ. ಮನು ಜಿನೋಬಿಲಿ ಬೇರೆ ಯಾವ ತಂಡದಲ್ಲಾದರೂ ಮೊದಲ ಐವರಲ್ಲಿ ಇರುತ್ತಿದ್ದವರು. ಇಲ್ಲಿ ವರ್ಷಗಟ್ಟಲೆ ಬೆಂಚಿನಿಂದ ಎದ್ದು ಬಂದರು. ಹಿರಿಯ ತಾರೆಯರೇ ತಮ್ಮ ಪಾಲನ್ನು ಕಡಿಮೆ ಮಾಡಿಕೊಂಡಿದ್ದನ್ನು ಕಂಡ ಮೇಲೆ ಹೊಸಬನೊಬ್ಬ ಚೆಂಡು ಹಿಡಿದು ನಿಲ್ಲಲು ಸಂಕೋಚಪಡುತ್ತಾನೆ. ಮೈಸೂರಿನ ನಮ್ಮ ಮೇಷ್ಟ್ರಿಗೆ ಈ ಅನುಕೂಲವಿರಲಿಲ್ಲ. ನಮ್ಮ ಎತ್ತರದ ಹುಡುಗನಿಂದ ಬಿಡಿಸಿಕೊಳ್ಳಲು ಅವರ ಬಳಿ ಏನೂ ಇರಲಿಲ್ಲ.

ಈಗ ಸ್ಯಾನ್ ಆಂಟೋನಿಯೊಗೇ ಎತ್ತರದ ಹುಡುಗ ಬಂದಿದ್ದಾನೆ. 2023ರಲ್ಲಿ, ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, ಮೊದಲ ಆಯ್ಕೆಯಾಗಿ ಸೇರಿದ ಫ್ರಾನ್ಸಿನ ವಿಕ್ಟರ್ ವೆಂಬನ್ಯಾಮಾ ಏಳು ಅಡಿಯನ್ನೂ ಮೀರಿ ಬೆಳೆದವರು. ಅವರು ಕೈಯೆತ್ತಿದರೆ ಚೆಂಡು ಕೊಡದಿರುವುದು ಯಾರಿಗೂ ಕಷ್ಟ. ಪೋಪೊವಿಚ್ 2025ರ ಮೇ ತಿಂಗಳಲ್ಲಿ ಕೋಚ್ ಹುದ್ದೆ ಬಿಟ್ಟರು. ಮಿಚ್ ಜಾನ್ಸನ್ ಬಂದರು. ಹಳೆಯ ಪಾಠ ಉಳಿಯುತ್ತದೆಯೇ ಎಂಬ ಚರ್ಚೆ ನಮ್ಮೂರಿನ ಕಾಫಿ ಅಂಗಡಿಗಳಲ್ಲಿ ನಡೆದೇ ಇದೆ. ನಾನು ಅಂಕಪಟ್ಟಿ ನೋಡುವುದನ್ನು ಬಿಟ್ಟಿದ್ದೇನೆ. ವೆಂಬನ್ಯಾಮಾ ಕೈಗೆ ಚೆಂಡು ಬಂದ ಕೂಡಲೇ ನನ್ನ ಕಣ್ಣು ಎದುರು ಮೂಲೆಯಲ್ಲಿ ನಿಂತವನ ಕಾಲಿನತ್ತ ಹೋಗುತ್ತದೆ. ಮೊದಲರ್ಧದಲ್ಲಿ ಆ ಹಿಮ್ಮಡಿಗಳು ನೆಲ ಬಿಟ್ಟು ಎದ್ದೇ ಇರುತ್ತವೆ. ಕೊನೆಯ ಕ್ವಾರ್ಟರಿನಲ್ಲಿ, ಅಂತರ ಎರಡು-ಮೂರು ಅಂಕಕ್ಕೆ ಇಳಿದಾಗ, ಅವು ಮೆಲ್ಲಗೆ ಕೆಳಗಿಳಿದು ಊರಿಕೊಳ್ಳುವುದನ್ನೂ ಒಂದೆರಡು ಬಾರಿ ಕಂಡಿದ್ದೇನೆ.