ಮೀನಿಗೆ ಹಸಿವಾಗಿದೆಯಂತೆ

ನಮ್ಮ ಮನೆಗೆ ಮೀನು ಬರುತ್ತಿರುವ ಸುದ್ದಿ ನಾನು ಬಸ್ಸಿಳಿಯುವ ಮೊದಲೇ ಊರಿಗೆ ತಲುಪಿತ್ತು. ಕಾಸರಗೋಡಿನಿಂದ ಬದಿಯಡ್ಕಕ್ಕೆ ಬರುವ ಬಸ್ಸಿನಲ್ಲಿ ಗಾಳಿ ತುಂಬಿದ ಪ್ಲಾಸ್ಟಿಕ್ ತೊಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಒಳಗೆ ಆರು ಗೋಲ್ಡ್‌ಫಿಶ್. ಪಕ್ಕದ ಸೀಟಿನಲ್ಲಿದ್ದ ದೂರದ ಸಂಬಂಧದ ಮಾವ ಒಬ್ಬರು ತೊಟ್ಟೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ನಿಮ್ಮಲ್ಲಿ ಈಗ ಮೀನೆಲ್ಲ ಆಗ್ತದಾ?" ಅಂತ ಮೆಲ್ಲಗೆ ಕೇಳಿದರು. "ಸಾಕ್ಲಿಕ್ಕೆ ಮಾವ" ಎಂದೆ. ನಂಬಿದ ಹಾಗೆ ಕಾಣಲಿಲ್ಲ.

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಟ್ಯಾಂಕು. ತುಂಬ ತುಂಬಿಸಿದರೂ 56 ಲೀಟರ್ ನೀರು. ಇದಕ್ಕೆ ಆರು ಮೀನು ಜಾಸ್ತಿ ಆಗಲ್ವಾ ಅಂತ ಅಂಗಡಿಯಲ್ಲಿ ಕೇಳಿದ್ದೆ. "ಕೊಯಪ್ಪಿಲ್ಲ" ಅಂದಿದ್ದ. ಈ ಕೊಯಪ್ಪಿಲ್ಲ, ಅಂದರೆ ತೊಂದರೆಯಿಲ್ಲ, ಅನ್ನುವ ಮಲಯಾಳ ಮಾತನ್ನು ಕೇಳಿಯೇ ನಮ್ಮ ಕಡೆಯ ಅರ್ಧ ತೊಂದರೆಗಳು ಶುರುವಾಗುವುದು. ಗೋಲ್ಡ್‌ಫಿಶ್ ಅಂದರೆ ಮೀನುಗಳಲ್ಲಿ ಎಮ್ಮೆ ಇದ್ದ ಹಾಗೆ, ತಿನ್ನುವುದೂ ಜಾಸ್ತಿ ಹಾಕುವುದೂ ಜಾಸ್ತಿ, ಅಂತ ಗೊತ್ತಾಗುವಾಗ ಕೊಟ್ಟಿಗೆ ತುಂಬಿ ಆಗಿತ್ತು.

ಮೂರನೇ ದಿನ ನೀರು ಗಂಜಿ ತಿಳಿಯ ಬಣ್ಣಕ್ಕೆ ತಿರುಗಿತು. ಮೀನುಗಳೆಲ್ಲ ಮೇಲೆ ಬಂದು ನೀರಿನ ಅಂಚಿನಲ್ಲಿ ಪಕ್ ಪಕ್ ಅಂತ ಬಾಯಿ ಬಿಡತೊಡಗಿದವು.

"ಪಾಪ, ಹಸಿವಾಗಿದೆ ಮಾರಾಯ" ಎಂದರು ಅಮ್ಮ.

ಅಲ್ಲಿಗೆ ಮುಗಿಯಿತು ನೋಡಿ. ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸಿ ಗೊತ್ತಿಲ್ಲದ ಹೆಂಗಸು. ಬೆಳಿಗ್ಗೆ ಅವರದ್ದೊಂದು ಚಿಟಿಕೆ. ಶಾಲೆಗೆ ಹೊರಡುವಾಗ ಮಗಳದ್ದೊಂದು. ಹೆಂಡತಿ ಚಹಾ ಕುಡಿಯುವಾಗ ತಾನೊಬ್ಬಳೇ ಕುಡಿಯುವುದು ಹೇಗೆ ಅಂತ ಅವಳದ್ದೊಂದು. ಸಂಜೆ ಆಫೀಸಿನಿಂದ ಬಂದ ನಾನು, ಪಾಪ ಬೆಳಿಗ್ಗೆಯಿಂದ ಯಾರೂ ಹಾಕಿರಲಿಕ್ಕಿಲ್ಲ ಅಂದುಕೊಂಡು ಎರಡು ಚಿಟಿಕೆ. ಒಂದು ತಿಂಗಳಿಗೆ ಬರುತ್ತದೆ ಅಂದಿದ್ದ ಡಬ್ಬಿ ಒಂಬತ್ತೇ ದಿನಕ್ಕೆ ತಳ ಕಂಡಿತು. ತಿಂದಷ್ಟೂ ಅವು ಬಾಯಿ ಬಿಡುತ್ತಿದ್ದವು, ಬಾಯಿ ಬಿಟ್ಟಷ್ಟೂ ನಾವು ಹಾಕುತ್ತಿದ್ದೆವು. ಅಷ್ಟರಲ್ಲಿ ಎಲ್ಲಕ್ಕಿಂತ ಸಣ್ಣದು ಹೋಯಿತು, ಮರುದಿನ ಇನ್ನೊಂದು. ದಾಸವಾಳದ ಬುಡದಲ್ಲಿ ಹುಗಿಯುವಾಗ ಮಗಳು ಅದರ ಮೇಲೂ ಎರಡು ಕಾಳು ಹಾಕಿದಳು, ದಾರಿಗೆ ಬೇಕಾಗಬಹುದು ಅಂತ.

ರಾತ್ರಿ ಕೂತು ಓದಿದ ಮೇಲೆ ನನ್ನ ಹೊಟ್ಟೆ ತಣ್ಣಗಾಯಿತು. ಅದು ಹಸಿವೆ ಅಲ್ಲ, ಉಸಿರುಗಟ್ಟುವುದು. ಮೀನಿನ ಮಲ ಮತ್ತು ಉಳಿದ ತಿಂಡಿ ಕೊಳೆತು ಅಮೋನಿಯಾ ಆಗುತ್ತದೆ, ಮೀನು ಕಿವಿರಿನಿಂದಲೂ ಅದನ್ನೇ ಬಿಡುತ್ತದೆ. ನೀರಿನಲ್ಲಿ ಅದು ಜಾಸ್ತಿಯಾದರೆ ಅದೇ ಕಿವಿರು ಸುಡುತ್ತದೆ. ಅಂದರೆ ನಾವು ನಾಲ್ಕು ಜನ ಸರದಿ ಪ್ರಕಾರ ಪ್ರೀತಿಯಿಂದ ವಿಷ ಹಾಕುತ್ತಿದ್ದೆವು.

ಅಮ್ಮನಿಗೆ ಹೇಳುವುದು ಕಷ್ಟವಾಗಲಿಲ್ಲ. "ಬೆಳಿಗ್ಗೆ ಹಟ್ಟಿ ಬಾಗಿಲು ತೆಗೆದಾಗ ಮೂಗಿಗೆ ಹೊಡೀತದಲ್ವಾ, ಅದೇ ಅಮ್ಮ." ತಕ್ಷಣ ಅರ್ಥವಾಯಿತು. ಅರ್ಥವಾದದ್ದೇ ತಪ್ಪಾಯಿತು. ಮರುದಿನ ಸಂಜೆ ಬಂದು ನೋಡಿದರೆ ಟ್ಯಾಂಕು ಫಳಫಳ, ಫಿಲ್ಟರಿನೊಳಗೆ ಸ್ಪಂಜೇ ಇಲ್ಲ. ಹುಡುಕಿದರೆ ಅಂಗಳದಲ್ಲಿ, ಒಣಗಲು ಹಾಕಿದ ಅಡಿಕೆಯ ಪಕ್ಕ, ಕುದಿನೀರಿನಲ್ಲಿ ಅದ್ದಿ ಹಿಂಡಿದ ಸ್ಪಂಜು ಗರಿಗರಿಯಾಗಿ ಮಲಗಿತ್ತು. ಕಾಗೆ ಒಯ್ಯದ ಹಾಗೆ ಮೇಲೊಂದು ಕಲ್ಲು. ಆ ಸ್ಪಂಜಿನಲ್ಲೇ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆಯಬೇಕಾದದ್ದು. ಹತ್ತು ದಿನದಲ್ಲಿ ಹುಟ್ಟಿದ್ದ ಒಂದಷ್ಟೂ ಅವತ್ತು ಅಡಿಕೆ ಜೊತೆ ಒಣಗಿದವು.

ತರಿಸಿದ ಟೆಸ್ಟ್ ಕಿಟ್ ಬಂತು. 5 ಎಂಎಲ್ ನೀರಿಗೆ ಎರಡು ಬಾಟಲಿಯಿಂದ ಎಂಟೆಂಟು ಹನಿ ಬಿಟ್ಟು, ಕುಲುಕಿ, ಐದು ನಿಮಿಷ ಕಾಯಬೇಕು. ಹಳದಿಯಾದರೆ ಅಮೋನಿಯಾ ಸೊನ್ನೆ, ಹಸಿರು ದಟ್ಟವಾದಷ್ಟೂ ಜಾಸ್ತಿ. ನಮ್ಮದು ಮೂರನೇ ನಿಮಿಷಕ್ಕೇ ಹಸಿರು. ಕಿಟ್ಟಿನ ಬಣ್ಣದ ಕಾರ್ಡಿಗೆ ಹಿಡಿದರೆ ಲೀಟರಿಗೆ 2 ಮಿಲಿಗ್ರಾಂ ಅನ್ನಬೇಕೋ 4 ಅನ್ನಬೇಕೋ ಅಂತ ನನಗೆ ಗೊತ್ತಾಗಲಿಲ್ಲ. ಹೆಂಡತಿ ಕೊಳವೆಯನ್ನು ಜಗಲಿಯ ಬೆಳಕಿಗೆ ಹಿಡಿದು, "ಇದು ಗಿಳಿಹಸಿರು ಅಲ್ಲ. ಅಕ್ಕನ ಮಗಳ ಮದುವೆಗೆ ತೆಗೆದ ಸೀರೆಯ ಬಾರ್ಡರ್ ಉಂಟಲ್ಲ, ಅದು" ಎಂದಳು. ಸೀರೆ ತಂದು ಪಕ್ಕದಲ್ಲಿಟ್ಟು ನೋಡಿದೆವು. 4.

ಇಷ್ಟಿದ್ದೂ ನಾಲ್ಕು ಮೀನು ಬದುಕಿದ್ದು ಹೇಗೆ? ನಮ್ಮದು ಸುರಂಗದ ನೀರು. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದ ಬಿಲದಿಂದ ಸೋರಿ ಬರುವುದು, ಸ್ವಲ್ಪ ಹುಳಿ ಗುಣದ್ದು. ಹುಳಿಯ ಅಳತೆಗೆ ಪಿಎಚ್ ಅನ್ನುತ್ತಾರೆ, 7ಕ್ಕಿಂತ ಕೆಳಗೆ ಇಳಿದಷ್ಟೂ ಹುಳಿ ಜಾಸ್ತಿ. ಅಳೆದರೆ 6ರಿಂದ 6.5ರ ಮಧ್ಯೆ ನಿಂತಿತು. ಪಿಎಚ್ 8 ಇರುವ ನೀರಿನಲ್ಲಿ ನೂರರಲ್ಲಿ ಐದಾರು ಪಾಲು ಅಮೋನಿಯಾ ಕಡು ವಿಷದ ರೂಪದಲ್ಲಿರುತ್ತದೆ. 7ಕ್ಕೆ ಇಳಿದರೆ ಒಂದು ಪಾಲೂ ಇಲ್ಲ, ನಮ್ಮದರಲ್ಲಿ ಅದಕ್ಕಿಂತಲೂ ಕಡಿಮೆ. ಹಿಂದೆ ಯಾರೋ ಪುಣ್ಯಾತ್ಮರು ಗುಡ್ಡ ಕೊರೆದದ್ದಕ್ಕೆ ಇವತ್ತು ನನ್ನ ಗೋಲ್ಡ್‌ಫಿಶ್ ಉಳಿದವು. ಆದರೆ ಆ ಹುಳಿ ಬ್ಯಾಕ್ಟೀರಿಯಾಕ್ಕೂ ಅಷ್ಟಾಗಿ ಒಗ್ಗುವುದಿಲ್ಲ, ಅವು ಬೆಳೆಯುವುದು ಇನ್ನೂ ನಿಧಾನ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಳ್ಳುವುದು ಅಂದರೆ ಇದೇ.

ಕುಂಬಳೆಯ ಗೆಳೆಯನಿಗೆ ಫೋನ್ ಮಾಡಿದೆ. ಅವನಲ್ಲಿ ಮೂರು ವರ್ಷದ ಟ್ಯಾಂಕ್ ಉಂಟು. "ನನ್ನ ಫಿಲ್ಟರಿನ ಸ್ಪಂಜಿಂದ ಒಂದು ತುಂಡು ಕೊಡ್ತೇನೆ, ಒಣಗಲಿಕ್ಕೆ ಬಿಡ್ಬೇಡ, ಇದೇ ನೀರಲ್ಲಿ ಮುಳುಗಿಸಿಯೇ ಒಯ್ಯಿ" ಎಂದ. ಹಾಲು ತರುವ ಸ್ಟೀಲ್ ಪಾತ್ರೆಯಲ್ಲಿ ಆ ಕಂದು ಬಣ್ಣದ ಲೋಳೆ ಲೋಳೆ ತುಂಡು ತಂದೆ. ಅಮ್ಮ ಮುಚ್ಚಳ ತೆಗೆದು ಮೂಗು ಮುಚ್ಚಿಕೊಂಡರು.

"ಇದೆಂತ ಕೊಳಕು?"

"ಹೆಪ್ಪು" ಎಂದೆ.

ಅಮ್ಮ ಒಂದು ಕ್ಷಣ ಸುಮ್ಮನಾದರು. "ಅದನ್ನು ಮೊದಲೇ ಹೇಳ್ಬಾರ್ದಾ? ಹೆಪ್ಪು ಹಾಕದೆ ಯಾವುದಾದ್ರೂ ಆಗ್ತದಾ?" ಅಂದವರು ಅವತ್ತಿನಿಂದ ಫಿಲ್ಟರಿಗೆ ಕೈ ಹಾಕಿಲ್ಲ. ಬೇರೆ ಯಾರಾದರೂ ಹಾಕಿದರೆ ಬೈಯುತ್ತಾರೆ. ತಿಂಡಿ ಎರಡು ದಿನ ಪೂರ್ತಿ ಬಂದ್, ಆಮೇಲೆ ದಿನಕ್ಕೊಂದೇ ಸಲ. ಡಬ್ಬಿ ಈಗ ದೇವರ ಕೋಣೆಯ ಕಪಾಟಿನ ಮೇಲಿನ ತಟ್ಟಿನಲ್ಲಿದೆ, ಮಗಳಿಗೆ ಎಟಕುವುದಿಲ್ಲ, ನನಗೆ ತೆಗೆಯಲು ಧೈರ್ಯವಿಲ್ಲ.

ನೀರು ಬದಲಿಸುವ ಕೆಲಸ ನನ್ನದು. ದಿನಾ ಕಾಲು ಭಾಗ ತೆಗೆದು ಹೊಸ ನೀರು. ತೆಗೆದದ್ದನ್ನು ಬಸಳೆ ಚಪ್ಪರದ ಬುಡಕ್ಕೆ ಹೊಯ್ಯುತ್ತಿದ್ದೆ. ಸುಮಾರು ಆರು ವಾರ ಆಗುವಾಗ ಕೊಳವೆ ಹಳದಿಯಲ್ಲೇ ನಿಂತಿತು. ಬ್ಯಾಕ್ಟೀರಿಯಾದ ಕೈಯಲ್ಲಿ ಅಮೋನಿಯಾ ನೈಟ್ರೈಟ್ ಆಗಿ, ಅದೂ ವಿಷವೇ, ಅದು ಮತ್ತೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ತಣ್ಣಗಾಗಿತ್ತು. ಇನ್ನು ವಾರಕ್ಕೊಮ್ಮೆ ನೀರು ತೆಗೆದರೆ ಸಾಕು ಅಂತ ಖುಷಿಯಿಂದ ಘೋಷಿಸಿದೆ. ಅಮ್ಮನ ಮುಖ ಸಣ್ಣದಾಯಿತು. ಬಸಳೆ ಎಲೆ ಅಷ್ಟರಲ್ಲಿ ಅಂಗೈಗಿಂತ ಅಗಲವಾಗಿತ್ತು. "ಇವತ್ತು ಒಂದು ಬಾಲ್ದಿಯಾದ್ರೂ ತೆಗಿ, ಮೀನಿಗೆ ಸೆಕೆ ಆಗ್ತದೆ" ಅಂತ ಈಗಲೂ ಹೇಳುತ್ತಾರೆ.

ಮೊನ್ನೆ ಸಂಜೆ ಕೆಳಗಿನ ಮನೆಯ ಹುಡುಗ ಪಾತ್ರೆ ಹಿಡಿದುಕೊಂಡು ಬಂದ. ಅವನೂ ಹೊಸದಾಗಿ ಟ್ಯಾಂಕು ತಂದಿದ್ದಾನೆ, ಮೀನು ಬಾಯಿ ಬಿಡುತ್ತಿವೆಯಂತೆ, ಸ್ಪಂಜಿನ ಒಂದು ತುಂಡು ಬೇಕಂತೆ. ನಾನು ಕತ್ತರಿ ಹುಡುಕುತ್ತಿದ್ದೆ. ಒಳಗಿನಿಂದ ಅಮ್ಮನ ಸ್ವರ ಕೇಳಿತು.

"ದೀಪ ಹಚ್ಚಿ ಆಯ್ತು ಮಾರಾಯ, ಇನ್ನು ಹೆಪ್ಪು ಕೊಡ್ಲಿಕ್ಕಿಲ್ಲ. ನಾಳೆ ಬೆಳಿಗ್ಗೆ ಬಾ. ಅಷ್ಟರವರೆಗೆ ತಿಂಡಿ ಹಾಕ್ಬೇಡ."